ಕಪ್ಪು ಕಲ್ಲು ಎಳೆದ ಕೆಂಪು ಗೆರೆ

ಸಂಡೂರಿನಿಂದ ಬಂದ ಒಂದು ಕಲ್ಲು ನಮ್ಮ ಮನೆಯ ಟಿವಿ ಪಕ್ಕದಲ್ಲಿ ಕೂತಿದೆ. ಮುಷ್ಟಿಯಷ್ಟೇ ಗಾತ್ರ. ರೊಟ್ಟಿ ಹೆಂಚಿನ ಹಾಗೆ ಕಪ್ಪು, ಅಲ್ಲಲ್ಲಿ ಉಕ್ಕಿನ ಹೊಳಪು. ಮನೆಗೆ ಬಂದವರು ಎತ್ತಿ ನೋಡಿ, "ಅಬ್ಬಾ, ಇಷ್ಟು ಭಾರಾನಾ!" ಅನ್ನುತ್ತಾರೆ. ಆಗ ನಾನು ಒಂದು ಹಳೇ ಪಿಂಗಾಣಿ ಬಟ್ಟಲು ತಂದು ಬೋರಲು ಹಾಕುತ್ತೇನೆ. ಅದರ ತಳದ ಅಂಚಿನಲ್ಲಿ ಹೊಳಪಿಲ್ಲದ ಒರಟು ಜಾಗ ಇರುತ್ತದಲ್ಲ, ಅಲ್ಲಿ ಕಲ್ಲನ್ನು ಉಜ್ಜಿ ಎನ್ನುತ್ತೇನೆ. ಗೆರೆ ಮೂಡುವುದು ಕಪ್ಪಾಗಿ ಅಲ್ಲ, ಕೆಮ್ಮಣ್ಣಿನ ಕೆಂಪಾಗಿ!

ಇದು ಹೆಮಟೈಟ್. ಕಬ್ಬಿಣ ಮತ್ತು ಆಮ್ಲಜನಕ ಸೇರಿ ಆದದ್ದು. ಗ್ರೀಕರು ರಕ್ತಕ್ಕೆ ಹೇಳುವ ಪದದಿಂದಲೇ ಇದಕ್ಕೆ ಹೆಸರು ಬಂದಿದೆ. ಸಂಡೂರಿನ ಕಡೆ ಹೋದವರಿಗೆ ಈ ಕೆಂಪು ಗೊತ್ತು. ರಸ್ತೆ, ಲಾರಿ, ಮರದ ಎಲೆ, ಕೊನೆಗೆ ನಮ್ಮ ಅಂಗಿಯ ಕಾಲರ್ ಕೂಡ ಅದೇ ಬಣ್ಣ. ಗಟ್ಟಿಯಾಗಿದ್ದಾಗ ಕಪ್ಪಾಗಿ ಕಾಣುವ ಅದಿರು ಪುಡಿಯಾದಾಗ ತನ್ನ ನಿಜವಾದ ಬಣ್ಣ ತೋರಿಸುತ್ತದೆ. ಕುದುರೆಮುಖದಲ್ಲಿ 2005ರ ಕೊನೆವರೆಗೂ ತೆಗೆಯುತ್ತಿದ್ದ ಅದಿರಿನ ಮುಖ್ಯ ಖನಿಜ ಮ್ಯಾಗ್ನೆಟೈಟ್. ಅದೂ ಕಬ್ಬಿಣ, ಆಮ್ಲಜನಕವೇ. ಅದೂ ಕಪ್ಪೇ. ಆದರೆ ಅದರ ಗೆರೆಯೂ ಕಪ್ಪು. ಜೊತೆಗೆ ಆಯಸ್ಕಾಂತ ಹಿಡಿದರೆ ಟಕ್ ಅಂತ ಅಂಟಿಕೊಳ್ಳುತ್ತದೆ.

ನಮ್ಮ ಅಕ್ಕಸಾಲಿಗರಿಗೆ ಇದು ಹೊಸದೇನಲ್ಲ. ಒರೆಗಲ್ಲಿಗೆ ಉಜ್ಜಿ ಗೆರೆ ನೋಡುವುದು ಅವರ ದಿನದ ಕೆಲಸ. ಬಂಗಾರದ ಹಾಗೆಯೇ ಹೊಳೆದು ಜನರನ್ನು ಮೋಸಗೊಳಿಸುವ ಪೈರೈಟ್ ಎಂಬ ಖನಿಜ ಇದೆ. ಕಬ್ಬಿಣ, ಗಂಧಕ ಸೇರಿದ್ದು. ಒರೆಗೆ ಹಚ್ಚಿದರೆ ಬಂಗಾರದ ಗೆರೆ ಹಳದಿ, ಪೈರೈಟಿನದು ಹಸಿರು ಮಿಶ್ರಿತ ಕಪ್ಪು. ತೂಕದಲ್ಲೂ ಬಣ್ಣ ಬಯಲು. ಬಂಗಾರ ಅಷ್ಟೇ ಗಾತ್ರದ ನೀರಿಗಿಂತ 19 ಪಟ್ಟು ಭಾರ, ಪೈರೈಟ್ ಬರೀ 5 ಪಟ್ಟು.

ಅಷ್ಟಕ್ಕೂ ಖನಿಜ ಅಂದರೇನು? 'ಖನಿ' ಅಂದರೆ ಗಣಿ. ಗಣಿಯಲ್ಲಿ ಸಿಕ್ಕಿದ್ದೆಲ್ಲ ಖನಿಜ ಅಂತ ನಾವು ಪೆಟ್ರೋಲಿಯಂ ಅನ್ನೂ ಖನಿಜ ತೈಲ ಮಾಡಿಬಿಟ್ಟೆವು. ಭೂವಿಜ್ಞಾನಿಗಳು ಇಷ್ಟು ಧಾರಾಳಿಗಳಲ್ಲ. ಅದು ತಾನಾಗಿ ಪ್ರಕೃತಿಯಲ್ಲಿ ಆಗಿರಬೇಕು. ಗಟ್ಟಿಯಾಗಿರಬೇಕು. ಗಿಡ, ಪ್ರಾಣಿಗಳ ಅವಶೇಷ ಆಗಿರಬಾರದು. ಅದರಲ್ಲಿ ಯಾವ ಧಾತು ಎಷ್ಟು ಎಂಬುದು ಹೆಚ್ಚೂಕಡಿಮೆ ನಿಗದಿಯಾಗಿರಬೇಕು. ಅಣುಗಳು ಒಳಗೆ ಸಾಲುಸಾಲಾಗಿ, ಒಂದು ಕ್ರಮದಲ್ಲಿ ಕೂತಿರಬೇಕು.

ಕನ್ನಡದಲ್ಲಿ 'ಕಲ್ಲು' ಸೇರಿಕೊಂಡ ಕೆಲವು ಪದಗಳನ್ನು ಇಟ್ಟುಕೊಂಡು ನೋಡೋಣ. ಕಲ್ಲಿದ್ದಲು ಖನಿಜ ಅಲ್ಲ, ಅದು ಕೊಳೆತು ಅದುಮಿಹೋದ ಗಿಡಮರ. ಕಲ್ಲುಸಕ್ಕರೆಯ ಹರಳು ಎಷ್ಟೇ ಚೆಂದ ಇದ್ದರೂ ಕಬ್ಬಿನಿಂದ ಬಂದದ್ದು, ಮನುಷ್ಯ ಮಾಡಿದ್ದು. ಕಲ್ಲುಪ್ಪಿನ ವಿಷಯದಲ್ಲಿ ಸ್ವಲ್ಪ ತಕರಾರು ಇದೆ. ಸಾಣಿಕಟ್ಟೆಯ ಉಪ್ಪಿನ ಗದ್ದೆಯಲ್ಲಿ ಸಮುದ್ರದ ನೀರು ಕಟ್ಟಿ ಒಣಗಿಸಿದವರು ಮನುಷ್ಯರೇ ಅಲ್ವಾ? ಆದರೆ ಭೂಮಿಯೊಳಗಿಂದ ಅಗೆದು ತಂದ ಇಂದುಪ್ಪು ಪಾಸು. ಇನ್ನು ಆಲಿಕಲ್ಲು? ಅದು ಅಪ್ಪಟ ಖನಿಜ! ತಾನಾಗಿ ಆದದ್ದು, ಗಟ್ಟಿ, ಒಳಗೆ ಸಾಲುಗಟ್ಟಿದ ನೀರಿನ ಅಣುಗಳು. ಅಂಗೈಯಲ್ಲಿ ಕರಗಿದ ಕೂಡಲೇ ಖನಿಜ ಅಲ್ಲ. ಫ್ರಿಜ್ಜಿನ ಐಸ್‌ಗೆ ಆ ಭಾಗ್ಯವೂ ಇಲ್ಲ.

ಅಣುಗಳ ಈ ಸಾಲು ಸುಮ್ನೆ ಪುಸ್ತಕದ ಮಾತಲ್ಲ, ಕಣ್ಣಿಗೇ ಕಾಣುತ್ತದೆ. ಒಂದು ಕಲ್ಲುಪ್ಪನ್ನು ಮೆಲ್ಲಗೆ ಕುಟ್ಟಿ, ಚೂರುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಚೌಕ ಒಡೆದು ಇನ್ನೂ ಸಣ್ಣ ಚೌಕಗಳಾಗಿರುತ್ತವೆ. ಕಾಗೆ ಬಂಗಾರ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಪದರ ಪದರವಾಗಿ ಏಳುತ್ತದೆ. ಪದರ ಪದರದ ನಡುವಿನ ಹಿಡಿತ ಅಷ್ಟು ಸಡಿಲ. ಬೆಣಚುಕಲ್ಲಿನಲ್ಲಿ ಎಲ್ಲಾ ದಿಕ್ಕಿಗೂ ಹಿಡಿತ ಬಿಗಿ. ಹಾಗಾಗಿ ಅದು ಗಾಜಿನ ಹಾಗೆ ಎಲ್ಲೆಂದರಲ್ಲಿ ಒಡೆಯುತ್ತದೆ.

ಬಣ್ಣವನ್ನು ಮಾತ್ರ ಜಾಸ್ತಿ ನಂಬಬಾರದು. ಮಾಣಿಕ್ಯ ಕೆಂಪು, ನೀಲಮಣಿ ನೀಲಿ. ಎರಡೂ ಕೊರಂಡಮ್ ಎಂಬ ಒಂದೇ ಖನಿಜ. ಅದರೊಳಗೆ ಚಿಟಿಕೆ ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲಿ. ಬೆಲೆ ಕಟ್ಟುವವರು ನಾವು.

ಗಡಸುತನದ ಪರೀಕ್ಷೆ ಇದಕ್ಕಿಂತ ನಂಬಿಕಸ್ಥ. 1812ರಲ್ಲಿ ಫ್ರೆಡರಿಕ್ ಮೋಸ್ ಎಂಬ ಜರ್ಮನ್ ಖನಿಜತಜ್ಞ ಹತ್ತು ಖನಿಜಗಳನ್ನು ಸಾಲಾಗಿ ನಿಲ್ಲಿಸಿದ. ಯಾರು ಯಾರನ್ನು ಗೀರುತ್ತಾರೆ ಅನ್ನುವುದಷ್ಟೇ ಲೆಕ್ಕ. ಮೊದಲ ಸ್ಥಾನದಲ್ಲಿ ಎಲ್ಲಕ್ಕಿಂತ ಮೃದುವಾದ ಟಾಲ್ಕ್, ಹತ್ತರಲ್ಲಿ ಎಲ್ಲಕ್ಕಿಂತ ಗಡಸಾದ ವಜ್ರ. ನಮ್ಮ ಉಗುರು ಸುಮಾರು ಎರಡೂವರೆ, ಕಿಟಕಿ ಗಾಜು ಐದೂವರೆ, ಬೆಣಚುಕಲ್ಲು ಏಳು. ಸ್ಲೇಟಿನ ಮೇಲೆ ಬರೆದ ನೆನಪಿದ್ದವರಿಗೆ ಮೃದು ಕಲ್ಲು ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ. ಬೇಲೂರು, ಹಳೇಬೀಡಿನ ಶಿಲ್ಪಿಗಳು ಆರಿಸಿಕೊಂಡದ್ದೂ ಬಳಪದ ಕಲ್ಲನ್ನೇ. ಶಿಲಾಬಾಲಿಕೆಯ ಬಳೆ, ಸರದ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಲು ಕಲ್ಲು ಉಳಿಗೆ ಅಷ್ಟು ಒಗ್ಗಬೇಕಿತ್ತು. ಅಂದ ಹಾಗೆ, ಬಳಪದ ಕಲ್ಲು ಒಂದೇ ಖನಿಜ ಅಲ್ಲ, ಹಲವು ಸೇರಿದ ಶಿಲೆ. ಶಿಲೆ ಚಿತ್ರಾನ್ನ ಅಂದುಕೊಂಡರೆ, ಖನಿಜ ಅದರೊಳಗಿನ ಶೇಂಗಾ, ಕಡಲೆಬೇಳೆ.

ಮೊನ್ನೆ ಪಕ್ಕದ ಮನೆ ಹುಡುಗಿ ಅಂಗಳದಿಂದ ಒಂದು ಬೆಣಚುಕಲ್ಲು ಹುಡುಕಿ ತಂದು ಅದೇ ಬಟ್ಟಲಿಗೆ ಉಜ್ಜಿದಳು. ಬಣ್ಣದ ಗೆರೆ ಬರಲೇ ಇಲ್ಲ. ಕಲ್ಲು ಬಟ್ಟಲಿಗಿಂತ ಗಟ್ಟಿ, ಹಾಗಾಗಿ ಗೀರು ಬಿದ್ದದ್ದು ಬಟ್ಟಲಿಗೆ. "ಅಂಕಲ್, ನಿಮ್ಮ ಬಟ್ಟಲೇ ಫೇಲು" ಅಂದಳು.