ಹಡಗಿನ ಮೇಲೆ ಹುಕುಂ ಯಾರದು? ಕೋವಿಡ್ ಕಾಲದ ಕ್ರೂಸ್ ಕಾನೂನು ಜಗಳ

2021ರ ಜುಲೈನಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯ ಎರಡು ಕೋರ್ಟ್‌ಗಳಲ್ಲಿ ಎರಡು ಥರ ವಾದ ಮಾಡುತ್ತಿತ್ತು. ಟಾಂಪಾ ಕೋರ್ಟ್‌ನಲ್ಲಿ ಅದು ದೂರು ಕೊಟ್ಟ ಕಡೆ. ಕೇಂದ್ರದ ಆರೋಗ್ಯ ಸಂಸ್ಥೆ ಸಿಡಿಸಿ ಕ್ರೂಸ್ ಹಡಗುಗಳಿಗೆ ಮಿತಿಮೀರಿ ನಿಯಮ ಹಾಕಿ ಉದ್ಯಮವನ್ನೇ ಮಲಗಿಸಿದೆ ಎನ್ನುವುದು ಅಲ್ಲಿನ ವಾದ. ಮಿಯಾಮಿ ಕೋರ್ಟ್‌ನಲ್ಲಿ ಅದೇ ರಾಜ್ಯ ಕಟಕಟೆಯಲ್ಲಿ ನಿಂತಿತ್ತು. ಪ್ರಯಾಣಿಕರಿಂದ ಲಸಿಕೆ ಪತ್ರ ಕೇಳಲು ಬಿಡಿ ಎಂದು ಒಂದು ಕ್ರೂಸ್ ಕಂಪನಿಯೇ ರಾಜ್ಯದ ಮೇಲೆ ಕೇಸು ಹಾಕಿತ್ತು. ಕಂಪನಿಗಳ ಪರವಾಗಿ ದಿಲ್ಲಿಗೆ ಹೋದವರು ಊರಿಗೆ ಬಂದು ಅದೇ ಕಂಪನಿಯ ಬಾಗಿಲಿಗೆ ಬೀಗ ಹಾಕಿದ ಹಾಗಿತ್ತು ಈ ಕಥೆ.

ರೋಗದ ವಿಚಾರ ಎರಡೂ ಕೇಸುಗಳಲ್ಲಿ ಇತ್ತು, ನಿಜ. ಆದರೆ ಜಗಳದ ತಿರುಳು ಅದಲ್ಲ. ಹಡಗಿನ ಮೇಲೆ ಆರೋಗ್ಯದ ಹುಕುಂ ಹೊರಡಿಸುವವರು ಯಾರು? ವಾಷಿಂಗ್ಟನ್ನೋ, ಬಂದರು ಇರುವ ರಾಜ್ಯವೋ, ಹಡಗಿನ ಮಾಲೀಕರೋ? ಈ ಪ್ರಶ್ನೆಗೆ ಇನ್ನೂರು ವರ್ಷದ ಇತಿಹಾಸ ಇದೆ.

ಕೋವಿಡ್ ಕಾಲದ ಕಥೆ ಶುರುವಾಗುವುದು ಜಪಾನಿನ ಯೊಕೊಹಾಮದಲ್ಲಿ. 'ಡೈಮಂಡ್ ಪ್ರಿನ್ಸೆಸ್' ಹಡಗಿನಿಂದ ಹಾಂಗ್‌ಕಾಂಗ್‌ನಲ್ಲಿ ಇಳಿದಿದ್ದ ಒಬ್ಬ ಪ್ರಯಾಣಿಕರಿಗೆ ಸೋಂಕು ಇರುವುದು 2020ರ ಫೆಬ್ರುವರಿ 1ರಂದು ಗೊತ್ತಾಯಿತು. ಹಡಗಿನಲ್ಲಿ 3,711 ಜನ ಇದ್ದರು. ಎಲ್ಲರನ್ನೂ ಅಲ್ಲೇ ಇರಿಸಿ ಕ್ವಾರಂಟೈನ್ ಮಾಡಲಾಯಿತು. ಕೊನೆಗೆ 712 ಮಂದಿಗೆ ಸೋಂಕು ತಗಲಿತು. ಹಡಗಿನಲ್ಲಿ 138 ಭಾರತೀಯರಿದ್ದರು. ಅವರಲ್ಲಿ 132 ಮಂದಿ ಸಿಬ್ಬಂದಿ, ಬರೀ ಆರು ಜನ ಪ್ರಯಾಣಿಕರು. ಪ್ರಯಾಣಿಕರು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಾಗ ಅವರಿಗೆ ಊಟ ತಲುಪಿಸಿದವರು ಈ ಸಿಬ್ಬಂದಿ. ಫೆಬ್ರುವರಿ 27ರಂದು ಏರ್ ಇಂಡಿಯಾದ ವಿಶೇಷ ವಿಮಾನ 119 ಭಾರತೀಯರನ್ನು ದಿಲ್ಲಿಗೆ ಕರೆತಂದಿತು.

ಮಾರ್ಚ್ ಮೊದಲ ವಾರದಲ್ಲಿ ಕ್ಯಾಲಿಫೋರ್ನಿಯಾ ತೀರದಲ್ಲಿ 'ಗ್ರ್ಯಾಂಡ್ ಪ್ರಿನ್ಸೆಸ್' ಹಡಗಿನದೂ ಇದೇ ಪಾಡು. ಮಾರ್ಚ್ 14ರಂದು ಸಿಡಿಸಿ ಕ್ರೂಸ್ ಹಡಗುಗಳು ಪ್ರಯಾಣಿಕರನ್ನು ಹೊತ್ತು ಹೊರಡುವಂತಿಲ್ಲ ಎಂಬ ಆದೇಶ ಹೊರಡಿಸಿತು. ಅದು ವಿಸ್ತರಣೆಯಾಗುತ್ತಾ ಅಕ್ಟೋಬರ್ ಕೊನೆಯವರೆಗೂ ಬಂತು. ಪ್ರಯಾಣಿಕರು ಬೇಗ ಮನೆ ಸೇರಿದರು. ಸಿಬ್ಬಂದಿಗೆ ಆ ಭಾಗ್ಯ ಇರಲಿಲ್ಲ. ಅವರನ್ನು ಸಾಮಾನ್ಯ ವಿಮಾನದಲ್ಲಿ ಕಳಿಸುವಂತಿಲ್ಲ, ಬಾಡಿಗೆ ವಿಮಾನವೇ ಆಗಬೇಕು, ಕಂಪನಿಯ ದೊಡ್ಡ ಅಧಿಕಾರಿಗಳು ಲಿಖಿತವಾಗಿ ಹೊಣೆ ಹೊರಬೇಕು ಎಂಬ ಷರತ್ತು ಬಂತು. ಭಾರತ, ಫಿಲಿಪೀನ್ಸ್, ಇಂಡೋನೇಷ್ಯಾದ ಎಷ್ಟೋ ಹುಡುಗರು ತಿಂಗಳುಗಟ್ಟಲೆ ಸಮುದ್ರದಲ್ಲೇ ಉಳಿದರು. ಮುಂದೆ ಇಲ್ಲಿ ನೋಡಲಿರುವ ಕೇಸುಗಳಲ್ಲಿ ಇವರ ಪರವಾಗಿ ಹಾಕಿದ್ದು ಒಂದೂ ಇಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಅಮೆರಿಕದಲ್ಲಿ ಬಂದರಿನ ಕ್ವಾರಂಟೈನ್ ಮೊದಲಿಗೆ ರಾಜ್ಯಗಳ ಕೆಲಸವಾಗಿತ್ತು. 1824ರ ಗಿಬ್ಬನ್ಸ್ ಮತ್ತು ಆಗ್ಡನ್ ಪ್ರಕರಣ ಉಗಿದೋಣಿಗಳ ಪರವಾನಗಿಯದು. ಅದರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಕ್ವಾರಂಟೈನ್ ಕಾನೂನು ರಾಜ್ಯಗಳ ಅಧಿಕಾರದ್ದು ಎಂದು ಹಾದಿಯಲ್ಲಿ ಹೇಳಿಹೋದರು. ಆ ಮಾತನ್ನು ವಕೀಲರು ಇವತ್ತಿಗೂ ಹಿಡಿದುಕೊಂಡಿದ್ದಾರೆ.

ಇದಕ್ಕಿಂತ ಕುತೂಹಲದ ಕೇಸು 1902ರದ್ದು. 1898ರಲ್ಲಿ 'ಬ್ರಿಟಾನಿಯಾ' ಎಂಬ ಫ್ರೆಂಚ್ ಕಂಪನಿಯ ಹಡಗು ನಾನೂರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊತ್ತು ನ್ಯೂ ಆರ್ಲಿಯನ್ಸ್‌ಗೆ ಬಂತು. ಅವರಲ್ಲಿ ಜಾಸ್ತಿ ಇಟಲಿಯ ವಲಸಿಗರು. ಹಡಗಿನಲ್ಲಿ ಯಾರಿಗೂ ರೋಗ ಇರಲಿಲ್ಲ. ಆರೋಗ್ಯ ಪತ್ರ ಸರಿಯಾಗಿತ್ತು. ಆದರೂ ಲೂಸಿಯಾನಾದ ಆರೋಗ್ಯ ಮಂಡಳಿ ಅವರನ್ನು ಇಳಿಸಲು ಬಿಡಲಿಲ್ಲ. ಅದರ ತರ್ಕ ತಲೆಕೆಳಗು ಅನ್ನಿಸಬಹುದು. ರೋಗ ಇದ್ದದ್ದು ಊರಿನಲ್ಲಿ. ಹೊಸಬರು ಬಂದರೆ ರೋಗಕ್ಕೆ ತುತ್ತಾಗುವವರ ಸಂಖ್ಯೆ ಏರುತ್ತದೆ, ಹಾಗಾಗಿ ಆರೋಗ್ಯವಂತರನ್ನೂ ಒಳಗೆ ಬಿಡುವುದಿಲ್ಲ ಎಂದಿತು ಮಂಡಳಿ. ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಸಂಸತ್ತು ಬೇರೆ ಕಾನೂನು ಮಾಡುವವರೆಗೆ ರಾಜ್ಯದ ಕ್ವಾರಂಟೈನ್ ನಡೆಯುತ್ತದೆ ಎಂದಿತು.

ಆದರೆ ಆಗಲೇ ಗಾಳಿ ತಿರುಗಿತ್ತು. 1893ರ ಕಾಯ್ದೆಯ ಬಲದಿಂದ ಕೇಂದ್ರ ಒಂದೊಂದೇ ಕ್ವಾರಂಟೈನ್ ಕೇಂದ್ರವನ್ನು ತನ್ನ ಕೈಗೆ ತೆಗೆದುಕೊಳ್ಳತೊಡಗಿತು. 1921ರಲ್ಲಿ ನ್ಯೂಯಾರ್ಕ್ ಬಂದರಿನದೂ ಕೈ ಸೇರಿತು. ಆಮೇಲೆ ಬಂದದ್ದು 1944ರ ಸಾರ್ವಜನಿಕ ಆರೋಗ್ಯ ಸೇವಾ ಕಾಯ್ದೆ. ಅದರ 361ನೇ ಸೆಕ್ಷನ್‌ನಲ್ಲೇ ಎಲ್ಲಾ ಗುದ್ದಾಟ. ಆ ಸೆಕ್ಷನ್‌ನ ಮೊದಲ ವಾಕ್ಯ ಬಹಳ ಉದಾರ. ರೋಗ ಹರಡದಂತೆ ಅಗತ್ಯವೆನಿಸಿದ ನಿಯಮಗಳನ್ನು ಮಾಡಬಹುದು ಎನ್ನುತ್ತದೆ. ಎರಡನೇ ವಾಕ್ಯದಲ್ಲಿ ಒಂದು ಪಟ್ಟಿ ಇದೆ: ತಪಾಸಣೆ, ಹೊಗೆ ಹಾಕುವುದು, ಸೋಂಕು ನಿವಾರಣೆ, ನೈರ್ಮಲ್ಯ, ಕೀಟ ನಾಶ, ಸೋಂಕಿತ ಪ್ರಾಣಿ ಮತ್ತು ವಸ್ತುಗಳ ನಾಶ, ಮತ್ತು 'ಇತರ ಕ್ರಮಗಳು'. ಈ ಕೊನೆಯ ಬಾಲ ಎಷ್ಟು ಉದ್ದ? ಎಪ್ಪತ್ತು ವರ್ಷಕ್ಕೂ ಮೇಲೆ ಕೋರ್ಟ್‌ಗಳು ಅದನ್ನು ಅಳೆದದ್ದು ಬಹಳ ವಿರಳ.

ನಮ್ಮಲ್ಲಿ ಈ ಗೊಂದಲ ಕಡಿಮೆ. ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯಲ್ಲಿ ಇದ್ದರೂ, ಬಂದರಿನ ಕ್ವಾರಂಟೈನ್ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರಪಟ್ಟಿಯಲ್ಲಿ 28ನೇ ವಿಷಯವಾಗಿ ಕೂತಿದೆ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ 2ಎ ಸೆಕ್ಷನ್ ಹಡಗು ತಪಾಸಣೆ, ತಡೆಹಿಡಿಯುವ ಅಧಿಕಾರವನ್ನು ಕೇಂದ್ರಕ್ಕೇ ಕೊಡುತ್ತದೆ. 2020ರ ಮಾರ್ಚ್ ಮೊದಲ ವಾರದಲ್ಲಿ ನವಮಂಗಳೂರು ಬಂದರಿಗೆ ಬರಬೇಕಿದ್ದ 'ಎಂಎಸ್‌ಸಿ ಲಿರಿಕಾ' ಕ್ರೂಸ್ ಹಡಗಿಗೆ ಪ್ರವೇಶ ಸಿಗದೆ ಹೋದಾಗ ಅಧಿಕಾರ ಯಾರದು ಎಂಬ ಜಗಳ ಏಳಲಿಲ್ಲ.

ಮತ್ತೆ ಅಮೆರಿಕಕ್ಕೆ. 2020ರ ಅಕ್ಟೋಬರ್ 30ರಂದು ಸಿಡಿಸಿ ಪೂರ್ತಿ ನಿಷೇಧದ ಬದಲು 'ಷರತ್ತುಬದ್ಧ ಪ್ರಯಾಣ ಆದೇಶ' ತಂದಿತು. 250 ಅಥವಾ ಅದಕ್ಕಿಂತ ಹೆಚ್ಚು ಜನರನ್ನು ಹೊರುವ ಹಡಗುಗಳಿಗೆ ಇದು ಅನ್ವಯ. ಮೊದಲು ಸಿಬ್ಬಂದಿಯ ಪರೀಕ್ಷೆ, ಹಡಗಿನಲ್ಲೇ ಲ್ಯಾಬ್. ಆಮೇಲೆ ಸ್ವಯಂಸೇವಕರನ್ನು ಕೂರಿಸಿ ಅಣಕು ಪ್ರಯಾಣ. ಅದರಲ್ಲಿ ಪಾಸಾದರೆ ಪ್ರಮಾಣಪತ್ರ. ಕಾಗದದ ಮೇಲೆ ಇದು ಸಲೀಸು. ಆದರೆ ತಾಂತ್ರಿಕ ಸೂಚನೆಗಳು ತಡವಾಗಿ, ತುಂಡು ತುಂಡಾಗಿ ಬಂದವು. ಲಸಿಕೆ ಬಂದಮೇಲೂ ಹಡಗುಗಳು ಅಲುಗಾಡಲಿಲ್ಲ.

ಇದರ ಹೊಡೆತ ಜಾಸ್ತಿ ಬಿದ್ದದ್ದು ಫ್ಲೋರಿಡಾಕ್ಕೆ. ಮಿಯಾಮಿ, ಪೋರ್ಟ್ ಎವರ್‌ಗ್ಲೇಡ್ಸ್, ಪೋರ್ಟ್ ಕೆನವೆರಲ್ ಇರುವುದು ಅಲ್ಲೇ. ಹಡಗು ನಿಂತ ಮೊದಲ ಆರು ತಿಂಗಳಲ್ಲೇ ರಾಜ್ಯಕ್ಕೆ 320 ಕೋಟಿ ಡಾಲರ್ ನಷ್ಟ, 49,500 ಉದ್ಯೋಗಗಳಿಗೆ ಕುತ್ತು ಎಂದು ಕೇಂದ್ರದ್ದೇ ಕಡಲ ಆಯೋಗ ಲೆಕ್ಕ ಹಾಕಿತ್ತು. 2021ರ ಏಪ್ರಿಲ್ 8ರಂದು ಫ್ಲೋರಿಡಾ ಕೇಸು ಹಾಕಿತು. ಆಮೇಲೆ ಅಲಾಸ್ಕಾ ಕೂಡ ಸೇರಿಕೊಂಡಿತು.

ಅಲಾಸ್ಕಾದ ಕಷ್ಟ ಬೇರೆಯೇ. ವಿದೇಶಿ ಧ್ವಜದ ಹಡಗು ಮಧ್ಯೆ ವಿದೇಶಿ ಬಂದರು ಮುಟ್ಟದೆ ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಜನರನ್ನು ಒಯ್ಯುವಂತಿಲ್ಲ ಎಂದು 1886ರ ಒಂದು ಕಾಯ್ದೆ ಹೇಳುತ್ತದೆ. ಕ್ರೂಸ್ ಹಡಗುಗಳೆಲ್ಲ ಹೆಚ್ಚುಕಡಿಮೆ ಬಹಾಮಾಸ್, ಪನಾಮಾ, ಬರ್ಮುಡಾ ಧ್ವಜದವು. ಕೆನಡಾ ಬಂದರು ಮುಚ್ಚಿತು, ಅಲಾಸ್ಕಾ ಸಿಕ್ಕಿಬಿತ್ತು. 2021ರ ಮೇ 24ರಂದು ಅಧ್ಯಕ್ಷ ಬೈಡನ್ ತಾತ್ಕಾಲಿಕ ವಿನಾಯಿತಿಯ ಕಾನೂನಿಗೆ ಸಹಿ ಹಾಕಿದರು. ಆ ಕಾನೂನಿನಲ್ಲಿ ಸಿಡಿಸಿಯ ಷರತ್ತುಬದ್ಧ ಪ್ರಮಾಣಪತ್ರದ ಹೆಸರು ಬಂದಿದೆ, ಅಂದರೆ ನಮ್ಮ ಆದೇಶಕ್ಕೆ ಸಂಸತ್ತೇ ಒಪ್ಪಿಗೆ ಕೊಟ್ಟ ಹಾಗಾಯಿತು ಎಂದು ಕೇಂದ್ರದ ವಕೀಲರು ವಾದಿಸಿದರು. ಜಾಣ ವಾದ. ನಡೆಯಲಿಲ್ಲ.

ಟಾಂಪಾ ಕೋರ್ಟ್‌ನ ನ್ಯಾಯಾಧೀಶ ಸ್ಟೀವನ್ ಮೆರಿಡೇ ಎರಡೂ ಕಡೆಯವರನ್ನು ಮೊದಲು ಮಾತುಕತೆಗೆ ಕಳಿಸಿದರು. ಅದು ಮುರಿಯಿತು. ಜೂನ್ 18ರಂದು ಅವರು ಕೊಟ್ಟ ಆದೇಶ 124 ಪುಟದ್ದು. ಅದರಲ್ಲಿ ಕ್ವಾರಂಟೈನ್‌ನ ಚರಿತ್ರೆಯೇ ಪುಟಗಟ್ಟಲೆ ಇದೆ. ಸಾರ ಇಷ್ಟು: ಹಳೆಯ ಕಾಲದಿಂದಲೂ ಹಡಗನ್ನು ಸ್ವಲ್ಪ ಹೊತ್ತು ತಡೆದು, ನೋಡಿ, ಶುಚಿ ಮಾಡಿ ಬಿಡುವುದೇ ಕ್ವಾರಂಟೈನ್. 'ಇತರ ಕ್ರಮಗಳು' ಅಂದರೂ ಅವು ಪಟ್ಟಿಯಲ್ಲಿರುವ ಜಾತಿಯವೇ ಆಗಿರಬೇಕು. ಒಂದು ಇಡೀ ಉದ್ಯಮವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿ, ಹೇಗೆ ನಡೆಯಬೇಕೆಂದು ಪಾಠ ಬರೆಯುವ ಅಧಿಕಾರ ಅದರಲ್ಲಿ ಇಲ್ಲ. ಜುಲೈ 18ರಿಂದ ಫ್ಲೋರಿಡಾದ ಬಂದರುಗಳಲ್ಲಿ ಸಿಡಿಸಿ ಆದೇಶ ಬರೀ ಸಲಹೆಯಾಗಿ ಉಳಿಯಬೇಕು ಎಂದರು.

ಮುಂದಿನದು ನಾಟಕವೇ. ಜುಲೈ 17ರ ರಾತ್ರಿ, ಗಡುವು ಮುಗಿಯಲು ಇನ್ನೇನು ನಿಮಿಷಗಳಿದ್ದಾಗ, ಅಟ್ಲಾಂಟಾದ 11ನೇ ವಲಯ ಮೇಲ್ಮನವಿ ಕೋರ್ಟ್ 2-1ರಲ್ಲಿ ಈ ಆದೇಶಕ್ಕೆ ತಡೆ ಕೊಟ್ಟಿತು. ಜುಲೈ 23ರಂದು ಫ್ಲೋರಿಡಾ ಸುಪ್ರೀಂ ಕೋರ್ಟ್‌ಗೆ ಓಡಿತು. ಅದೇ ದಿನ ಮೇಲ್ಮನವಿ ಕೋರ್ಟ್ ತಾನೇ ಕೊಟ್ಟ ತಡೆಯನ್ನು ತಾನೇ ತೆಗೆದುಹಾಕಿತು. ಒಂದು ವಾರದಲ್ಲಿ ಅದೇ ಪೀಠ ಮನಸ್ಸು ಬದಲಿಸುವುದು ಅಪರೂಪ ಅಲ್ವಾ?

ಗೆದ್ದ ಫ್ಲೋರಿಡಾಕ್ಕೆ ಸಿಕ್ಕಿದ್ದೇನು ಅಂದರೆ, ದೊಡ್ಡದೇನೂ ಇಲ್ಲ. ಅಷ್ಟರಲ್ಲಿ 'ಸೆಲೆಬ್ರಿಟಿ ಎಡ್ಜ್' ಜೂನ್ 26ರಂದೇ ಪೋರ್ಟ್ ಎವರ್‌ಗ್ಲೇಡ್ಸ್ ಬಿಟ್ಟು ಹೊರಟಾಗಿತ್ತು. ದೊಡ್ಡ ಕಂಪನಿಗಳು ಈ ಕೇಸಿಗೆ ಸೇರಿರಲೇ ಇಲ್ಲ. ಆದೇಶ ಬರೀ ಸಲಹೆಯಾದ ಮೇಲೂ ಅವು ತಾವಾಗಿ ಪಾಲಿಸಿದವು. ನನ್ನ ಪ್ರಕಾರ ಇದರಲ್ಲಿ ಆಶ್ಚರ್ಯ ಇಲ್ಲ. ಇನ್ನೊಂದು ಡೈಮಂಡ್ ಪ್ರಿನ್ಸೆಸ್ ಆದರೆ ಟಿಕೆಟ್ ಕೊಳ್ಳುವವರೇ ಇರುವುದಿಲ್ಲ ಎಂಬುದು ಅವರಿಗೆ ಯಾವ ನ್ಯಾಯಾಧೀಶರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಇದೇ ಬಗೆಯ ತರ್ಕದ ದೊಡ್ಡ ಫಲ ಬೇರೆ ಕಡೆ ಕಂಡಿತು. ಅದೇ 361ನೇ ಸೆಕ್ಷನ್ ಹಿಡಿದು ಸಿಡಿಸಿ ಬಾಡಿಗೆದಾರರನ್ನು ಮನೆ ಬಿಡಿಸದಂತೆ ತಡೆದಿತ್ತು. ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. 2022ರ ಏಪ್ರಿಲ್‌ನಲ್ಲಿ ವಿಮಾನ, ರೈಲಿನ ಮಾಸ್ಕ್ ಕಡ್ಡಾಯವೂ ಬಿತ್ತು. ಅದೂ ಟಾಂಪಾದ ಕೋರ್ಟ್‌ನಲ್ಲೇ.

ಈಗ ಆ ಇನ್ನೊಂದು ಕೇಸು. ಪ್ರಯಾಣಿಕರಲ್ಲಿ ಶೇ 95, ಸಿಬ್ಬಂದಿಯಲ್ಲಿ ಶೇ 98 ಮಂದಿಗೆ ಲಸಿಕೆ ಆಗಿದ್ದರೆ ಅಣಕು ಪ್ರಯಾಣ ಬೇಡ ಎಂದು ಸಿಡಿಸಿ 2021ರ ಏಪ್ರಿಲ್ ಕೊನೆಯಲ್ಲಿ ಸಡಿಲಿಸಿತು. ಲಸಿಕೆ ಆಗಿದೆ ಅಂತ ತಿಳಿಯುವುದು ಹೇಗೆ? ಪತ್ರ ಕೇಳಬೇಕು. ಸರಿಯಾಗಿ ಅದೇ ಹೊತ್ತಿಗೆ, ಮೇ 3ರಂದು, ಗವರ್ನರ್ ರಾನ್ ಡಿಸಾಂಟಿಸ್ ಒಂದು ಕಾನೂನಿಗೆ ಸಹಿ ಹಾಕಿದರು. ಗ್ರಾಹಕರಿಂದ ಲಸಿಕೆ ಪತ್ರ ಕಡ್ಡಾಯವಾಗಿ ಕೇಳುವ ವ್ಯಾಪಾರಿಗೆ ಒಂದೊಂದು ಸಲಕ್ಕೂ 5,000 ಡಾಲರ್‌ವರೆಗೆ ದಂಡ. ಸಾವಿರಾರು ಜನರ ಹಡಗಿಗೆ ಇದನ್ನು ಗುಣಿಸಿ ನೋಡಿ.

ನಾರ್ವೀಜಿಯನ್ ಕ್ರೂಸ್ ಲೈನ್ ಜುಲೈ 13ರಂದು ಫ್ಲೋರಿಡಾದ ಸರ್ಜನ್ ಜನರಲ್ (ರಾಜ್ಯದ ಆರೋಗ್ಯ ಇಲಾಖೆಯ ಮುಖ್ಯಸ್ಥ) ವಿರುದ್ಧ ಕೋರ್ಟ್ ಮೆಟ್ಟಿಲೇರಿತು. ಆಗಸ್ಟ್ 8ರಂದು ನ್ಯಾಯಾಧೀಶೆ ಕ್ಯಾಥ್ಲೀನ್ ವಿಲಿಯಮ್ಸ್ ಕಂಪನಿಯ ಪರ ತಡೆಯಾಜ್ಞೆ ಕೊಟ್ಟರು. ಬೇರೆ ಕಾಗದ ಕೇಳಬಹುದು, ಲಸಿಕೆಯದು ಮಾತ್ರ ಕೇಳಬಾರದು ಅಂದರೆ ಅದು ಮಾತಿನ ಸ್ವಾತಂತ್ರ್ಯಕ್ಕೆ ಅಡ್ಡಿ. ಹೊರದೇಶದ ಬಂದರುಗಳಿಗೆ ಹೋಗುವ ವ್ಯಾಪಾರಕ್ಕೂ ತೊಡಕು ಎಂದರು. ಆಗಸ್ಟ್ 15ರಂದು 'ನಾರ್ವೀಜಿಯನ್ ಜೆಮ್' ಮಿಯಾಮಿಯಿಂದ ಹೊರಟಿತು.

ಮೇಲ್ಮನವಿ ಇತ್ಯರ್ಥವಾಗಲು ಒಂದು ವರ್ಷದ ಮೇಲೆ ಹಿಡಿಯಿತು. 2022ರ ಅಕ್ಟೋಬರ್ 6ರಂದು 11ನೇ ವಲಯ ಕೋರ್ಟ್ 2-1ರಲ್ಲಿ ರಾಜ್ಯದ ಕಡೆ ನಿಂತಿತು. ಕಾನೂನು ತಡೆಯುವುದು ಮಾತನ್ನಲ್ಲ, ಲಸಿಕೆ ಹಾಕಿಸಿಕೊಳ್ಳದವರನ್ನು ಹೊರಗಿಡುವ ವ್ಯಾಪಾರದ ನಡತೆಯನ್ನು ಎಂದಿತು. ತಮಾಷೆ ಏನೆಂದರೆ, ಎರಡೇ ದಿನ ಮೊದಲು, ಅಕ್ಟೋಬರ್ 4ರಿಂದ, ನಾರ್ವೀಜಿಯನ್ ಕಂಪನಿ ತಾನೇ ಲಸಿಕೆ ನಿಯಮ ಕೈಬಿಟ್ಟಿತ್ತು. ಸಿಡಿಸಿ ಕೂಡ ಆ ವರ್ಷದ ಜುಲೈನಲ್ಲೇ ತನ್ನ ಕ್ರೂಸ್ ಕಾರ್ಯಕ್ರಮಕ್ಕೆ ತೆರೆ ಎಳೆದಿತ್ತು.

ಸರ್ಕಾರ ಮತ್ತು ಕಂಪನಿಗಳ ಈ ಗದ್ದಲದಲ್ಲಿ ಕಾಯಿಲೆ ಬಿದ್ದವರ ಕೇಸುಗಳು ಹಿಂದೆ ಸರಿದವು. ಗ್ರ್ಯಾಂಡ್ ಪ್ರಿನ್ಸೆಸ್‌ನಲ್ಲಿ ಭಯದಲ್ಲಿ ದಿನ ದೂಡಿದ ಪ್ರಯಾಣಿಕರು ಪರಿಹಾರ ಕೇಳಿದಾಗ, ಸೋಂಕಿನ ಭಯ ಒಂದೇ ಸಾಲದು ಎಂದು ಕ್ಯಾಲಿಫೋರ್ನಿಯಾದ ಕೇಂದ್ರ ನ್ಯಾಯಾಲಯ 2020ರ ಜುಲೈನಲ್ಲೇ ಹೇಳಿತು. ಟಿಕೆಟ್‌ನ ಸಣ್ಣ ಅಕ್ಷರಗಳಲ್ಲಿ, ಗುಂಪಾಗಿ ಕೇಸು ಹಾಕುವಂತಿಲ್ಲ ಎಂಬ ಷರತ್ತು ಬೇರೆ ಇತ್ತು.

ಆ ಷರತ್ತು ಮುರಿದದ್ದು ಆಸ್ಟ್ರೇಲಿಯಾದಲ್ಲಿ. 'ರೂಬಿ ಪ್ರಿನ್ಸೆಸ್' 2020ರ ಮಾರ್ಚ್ 8ರಂದು ಸಿಡ್ನಿ ಬಿಟ್ಟು 19ರಂದು ಮರಳಿತು. ಸುಮಾರು 2,700 ಪ್ರಯಾಣಿಕರು ತಡೆಯಿಲ್ಲದೆ ಇಳಿದು ಊರು ಸೇರಿದರು. ಈ ಪ್ರಯಾಣದ ಸೋಂಕಿನಿಂದ 28 ಮಂದಿ ತೀರಿಕೊಂಡರು. 2023ರ ಅಕ್ಟೋಬರ್ 25ರಂದು ಫೆಡರಲ್ ಕೋರ್ಟ್, ಹಡಗು ನಡೆಸುವ ಕಾರ್ನಿವಲ್ ಸಂಸ್ಥೆ ಎಚ್ಚರ ತಪ್ಪಿತ್ತು ಎಂದು ತೀರ್ಪು ಕೊಟ್ಟಿತು. ಆದರೆ ಎಲ್ಲರ ಪರವಾಗಿ ಮುಂದೆ ನಿಂತಿದ್ದ ಪ್ರಯಾಣಿಕರಿಗೆ ಸಿಕ್ಕಿದ್ದು ಚಿಕಿತ್ಸೆಯ ಖರ್ಚು 4,423 ಆಸ್ಟ್ರೇಲಿಯನ್ ಡಾಲರ್ ಮತ್ತು ಬಡ್ಡಿ. ಕೇಳಿದ್ದು 3 ಲಕ್ಷ 60 ಸಾವಿರ. ಅದೇ ಡಿಸೆಂಬರ್ 6ರಂದು ಅಲ್ಲಿನ ಹೈಕೋರ್ಟ್, ಅಂದರೆ ದೇಶದ ಅತ್ಯುನ್ನತ ಕೋರ್ಟ್, ಗುಂಪು ಕೇಸು ತಡೆಯುವ ಷರತ್ತು ಅನ್ಯಾಯದ್ದು ಎಂದು ಒಮ್ಮತದಿಂದ ಹೇಳಿತು. ಅಮೆರಿಕದ ಷರತ್ತಿನ ಮೇಲೆ ಟಿಕೆಟ್ ಕೊಂಡಿದ್ದ 696 ಮಂದಿಗೆ ಸಿಡ್ನಿಯ ಕೇಸಿನಲ್ಲಿ ಸೇರಿಕೊಳ್ಳಲು ದಾರಿಯಾಯಿತು.