ಒದ್ದೆ ಮಣ್ಣಿನಲ್ಲಿ ಬಾಯಾರಿದ ಮರ

ಒಣಗಿದ ಸಂಪಿಗೆ ಮರವನ್ನು ಕೀಳಲು ಇಬ್ಬರಾದರೂ ಬೇಕು ಅಂದುಕೊಂಡಿದ್ದೆ. ಮೇಸ್ತ್ರಿ ಒಬ್ಬರೇ ಬುಡಕ್ಕೆ ಹಾರೆ ಹಾಕಿ ಮೀಟಿದರು, ಎರಡು ಸಲ ಅಲ್ಲಾಡಿಸಿದರು. ಹನ್ನೆರಡು ಅಡಿಯ ಮರ ಬೇರು ಸಮೇತ ಮೇಲೆ ಬಂತು. ಸಕಲೇಶಪುರದ ಕಡೆ ಕಾಫಿ ತೋಟಗಳಲ್ಲಿ ದುಡಿದವರು ಅವರು. ಬುಡ ನೋಡಿ ನಕ್ಕರು. "ಏನ್ ಸಾರ್ ಇದು, ಮರ ಇನ್ನೂ ಚೀಲದಲ್ಲೇ ಐತಲ್ಲ!"

ನರ್ಸರಿಯ ಚೀಲವನ್ನು ಹರಿದೇ ನೆಟ್ಟಿದ್ದೆ. ಆದರೆ ಅವರು ಹೇಳಿದ್ದು ನಿಜ. ಒಂಬತ್ತು ತಿಂಗಳು ಹಾಸನದ ಕೆಂಪು ಮಣ್ಣಿನಲ್ಲಿದ್ದರೂ ಬೇರುಗಡ್ಡೆ ಚೀಲದ ಆಕಾರದಲ್ಲೇ ಇತ್ತು. ಬೇರುಗಳು ಒಂದರ ಮೇಲೊಂದು ಸಿಂಬೆಯ ಹಾಗೆ ಸುತ್ತಿಕೊಂಡಿದ್ದವು. ಹೊರಗೆ ಚಾಚಿದ್ದು ನಾಲ್ಕೋ ಐದೋ ಎಳೆ. ಗುಂಡಿಯ ಮಣ್ಣು ಹಿಡಿದು ನೋಡಿದೆ, ಉಂಡೆ ಕಟ್ಟುವಷ್ಟು ಒದ್ದೆ. ಬೇರುಗಡ್ಡೆಯನ್ನು ಒಡೆದು ನೋಡಿದೆ, ಒಳಗಿನ ತೆಂಗಿನನಾರಿನ ಪುಡಿ ನಶ್ಯದ ಹಾಗೆ ಉದುರಿತು. ನಡುವೆ ಇದ್ದದ್ದು ಒಂದು ಗೇಣೂ ಇಲ್ಲ. ನೀರು ಪಕ್ಕದಲ್ಲೇ ಇತ್ತು, ಮರ ಬಾಯಾರಿ ಸತ್ತಿತ್ತು.

ಇದು ಹೇಗೆ ಅಂತ ತಿಳಿಯಬೇಕಾದರೆ ಅಡುಗೆಮನೆಗೆ ಹೋಗಿ. ಪಾತ್ರೆ ತೊಳೆಯುವ ದೊಡ್ಡ ತೂತಿನ ಸ್ಪಂಜನ್ನು ಒದ್ದೆ ಮಾಡಿ ಒಣ ಬಟ್ಟೆಯ ಮೇಲಿಡಿ. ಬಟ್ಟೆ ನೀರನ್ನು ಹೀರಿಕೊಳ್ಳುತ್ತದೆ. ಈಗ ಉಲ್ಟಾ ಮಾಡಿ, ಒದ್ದೆ ಬಟ್ಟೆಯ ಮೇಲೆ ಒಣ ಸ್ಪಂಜು ಇಡಿ. ಸ್ಪಂಜಿಗೆ ಹೆಚ್ಚೇನೂ ಸಿಗುವುದಿಲ್ಲ. ಸಣ್ಣ ಸಂದುಗಳು ನೀರನ್ನು ಬಿಗಿಯಾಗಿ ಹಿಡಿಯುತ್ತವೆ, ದೊಡ್ಡ ಸಂದುಗಳು ಬಿಟ್ಟುಕೊಡುತ್ತವೆ. ನಮ್ಮ ಜೇಡಿ ಬೆರೆತ ಕೆಂಪು ಮಣ್ಣು ಬಟ್ಟೆ ಇದ್ದ ಹಾಗೆ, ನರ್ಸರಿಯ ಸಡಿಲ ನಾರಿನ ಮಿಶ್ರಣ ಸ್ಪಂಜು ಇದ್ದ ಹಾಗೆ. ಹೊರಗಿನ ನೀರು ಒಳಕ್ಕೆ ಸುಲಭವಾಗಿ ಬರುವುದಿಲ್ಲ. ನಾನೋ, ಮರ ದೊಡ್ಡದು, ಬೇರು ದೂರ ಹೋಗಿರುತ್ತೆ ಅಂದುಕೊಂಡು ಅಗಲವಾದ ಪಾತಿ ಮಾಡಿ ಅದರ ಅಂಚಿಗೆ ಪೈಪು ಬಿಡುತ್ತಿದ್ದೆ!

ಮಳೆ ಇರುವಾಗ ಈ ತಪ್ಪು ಗೊತ್ತಾಗಲಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಆಕಾಶವೇ ಬುಡಕ್ಕೆ ನೀರು ಹಾಕಿತು, ಎಲೆಗಳೂ ಹಸಿರಾಗಿದ್ದವು. ಫೆಬ್ರವರಿಯ ಒಣಗಾಳಿ ಬೀಸಿದಾಗ ಅಸಲು ಲೆಕ್ಕ ಹೊರಬಂತು. ಮರದೊಳಗೆ ಪಂಪು ಅಂತ ಯಾವುದೂ ಇಲ್ಲ. ಎಲೆಯಿಂದ ನೀರು ಆವಿಯಾದಂತೆ ಕೆಳಗಿನ ನೀರು ಎಳೆಯಾಗಿ ಮೇಲೇರುತ್ತದೆ. ಬೇರಿಗೆ ಸಿಗುವುದಕ್ಕಿಂತ ಎಲೆ ಎಳೆಯುವುದು ಜಾಸ್ತಿಯಾದರೆ ಆ ಎಳೆ ತುಂಡಾಗಿ ಕೊಳವೆಯಲ್ಲಿ ಗಾಳಿ ಗುಳ್ಳೆ ಕೂರುತ್ತದೆ. ಗುಳ್ಳೆ ಕೂತ ಕೊಳವೆಯಲ್ಲಿ ನೀರು ಹತ್ತುವುದಿಲ್ಲ. ಇಂಥ ಕೊಳವೆಗಳು ಹೆಚ್ಚಾದಂತೆ ತುದಿಯಿಂದ ಒಣಗಲು ಶುರು. ಆಮೇಲೆ ಎಷ್ಟು ಕೊಡ ಸುರಿದರೂ ಕಷ್ಟವೇ.

ನೆಲದಿಂದ ಕಿತ್ತು ತರುವ ಮರದ ಪಾಡು ಇನ್ನೂ ಕೆಟ್ಟದು. ಬೇರು ಅಂದರೆ ಪಾತಾಳಕ್ಕೆ ಇಳಿದಿರುತ್ತದೆ ಅಂತ ನಮ್ಮ ಕಲ್ಪನೆ. ಆದರೆ ನೀರು ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಎರಡಡಿ ಮಣ್ಣಿನಲ್ಲೇ, ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ಅಗೆದಾಗ ಹತ್ತರಲ್ಲಿ ಒಂಬತ್ತು ಪಾಲು ಹಿಂದೆಯೇ ಉಳಿಯಬಹುದು. ಅದಕ್ಕೇ ಕಾಂಡದ ದಪ್ಪದ ಹತ್ತು ಪಟ್ಟು ಅಗಲದ ಮಣ್ಣಿನ ಗಡ್ಡೆ ಬೇಕು ಅನ್ನುತ್ತಾರೆ. ಒಂದು ಗೇಣು ದಪ್ಪದ ಮರಕ್ಕೆ ಎರಡು ಮೀಟರ್ ಅಗಲದ ಗಡ್ಡೆ, ತೂಕ ಕೆಲವು ಟನ್. ಜೆಸಿಬಿಯ ಬಕೆಟ್‌ನಲ್ಲಿ ಎತ್ತಿ ತಂದ ಬೋಳು ಬುಡವನ್ನು ನೆಟ್ಟು ಫೋಟೋ ತೆಗೆಸಿಕೊಳ್ಳುವವರಿಗೆ ಈ ಲೆಕ್ಕ ಯಾರಾದರೂ ಹೇಳಬೇಕು. ಸುಮಾರು 3,500 ವರ್ಷಗಳ ಹಿಂದೆ ಈಜಿಪ್ಟಿನ ರಾಣಿ ಹತ್ಶೆಪ್ಸುತ್ ಪುಂಟ್ ದೇಶದಿಂದ ಸುಗಂಧದ ಮರಗಳನ್ನು ತರಿಸಿದಾಗಲೂ ಬೇರನ್ನು ಮಣ್ಣಿನ ಸಮೇತ ಬುಟ್ಟಿಯಲ್ಲಿಟ್ಟು, ಕೋಲಿಗೆ ಕಟ್ಟಿ ಹೊತ್ತಿದ್ದರು. ಅವಳ ಗುಡಿಯ ಗೋಡೆಯ ಮೇಲೆ ಆ ಕೆತ್ತನೆ ಈಗಲೂ ಇದೆ.

ಹಾಗಾದರೆ ಹಾಲವಾಣ? ಕಾಫಿ ತೋಟದವರು ನೆರಳಿಗೆ ಅಂತ ಆಳುದ್ದದ ಬರೀ ಗೂಟವನ್ನೇ ನೆಡುತ್ತಾರೆ, ಬೇರೇ ಇಲ್ಲ, ಆದರೂ ಅದು ಚಿಗುರುತ್ತದಲ್ಲ? ಮೇಸ್ತ್ರಿ ಕೇಳಿದ್ದೂ ಇದನ್ನೇ. ಗುಟ್ಟು ಇರುವುದು ಇಲ್ಲದ ಎಲೆಯಲ್ಲಿ. ಎಲೆ ಇಲ್ಲದ ಗೂಟಕ್ಕೆ ನೀರಿನ ಖರ್ಚು ಬಲು ಕಡಿಮೆ. ತನ್ನಲ್ಲಿರುವ ಪಿಷ್ಟ ತಿಂದುಕೊಂಡು ಮೊದಲ ಮಳೆಯಲ್ಲಿ ನಿಧಾನಕ್ಕೆ ಬೇರು ಬಿಡುತ್ತದೆ, ಬೇರು ಬಂದಷ್ಟೇ ಎಲೆ ಹಾಕುತ್ತದೆ. ಸಂಪಿಗೆಯ ಗೂಟ ಹೀಗೆ ಬದುಕುವುದಿಲ್ಲ. ಹಾಗಂತ ಚೀಲದಲ್ಲಿ ಬೆಳೆದ ಮರದ ತಲೆ ಕತ್ತರಿಸುವುದೂ ತಪ್ಪು. ಹೊಸ ಬೇರಿಗೆ ಊಟ ಬರುವುದು ಎಲೆಯಿಂದ, ಬೇರು ಹೊರಡಿಸುವ ಹಾರ್ಮೋನು ಇಳಿಯುವುದು ಕುಡಿಗಳಿಂದ. ಮುರಿದ ಕೊಂಬೆ ಮಾತ್ರ ತೆಗೆದರೆ ಸಾಕು.

ಮುಂದಿನ ಜೂನ್‌ನಲ್ಲಿ ಇನ್ನೊಂದು ಸಂಪಿಗೆ ತಂದೆ. ಈ ಸಲ ಎಂಟೇ ಅಡಿ. ನರ್ಸರಿಯವರು "ದೊಡ್ಡದೇ ತಗೊಳ್ಳಿ ಸಾರ್, ನಾಲ್ಕು ವರ್ಷ ಕಾಯೋದು ಉಳಿಯುತ್ತೆ" ಅಂದರು. ಉಳಿಯುವುದಿಲ್ಲ. ದೊಡ್ಡ ಮರ ಕಳೆದುಕೊಂಡ ಬೇರನ್ನು ಮತ್ತೆ ಬೆಳೆಸಿಕೊಳ್ಳುವಷ್ಟರಲ್ಲಿ ಚಿಕ್ಕದು ಎಷ್ಟೋ ಸಲ ಅದನ್ನು ಹಿಂದೆ ಹಾಕಿರುತ್ತದೆ. ಚೀಲ ಹರಿದು, ಸುತ್ತಿಕೊಂಡ ಬೇರುಗಳನ್ನು ಹರಿತವಾದ ಚಾಕುವಿನಿಂದ ಸುತ್ತಲೂ ಒಂದಿಂಚು ಹೆರೆದು ತೆಗೆದೆ. ಕೈ ನಡುಗಿತು, ನಿಜ. ಆದರೆ ಕತ್ತರಿಸಿದ ತುದಿಯಿಂದ ಹೊಸ ಬೇರು ಹೊರಮುಖವಾಗಿ ಹೊರಡುತ್ತದೆ. ಬಿಟ್ಟರೆ ಸುತ್ತುತ್ತಲೇ ಇದ್ದು, ಮುಂದೆ ಕಾಂಡದ ಕತ್ತನ್ನೇ ಹಿಸುಕಬಹುದು.

ಗುಂಡಿಯ ಬಗ್ಗೆ ಮೇಸ್ತ್ರಿಗೂ ನನಗೂ ಜಗಳವೇ ಆಯಿತು. ಅವರಿಗೆ ಮೂರಡಿ ಆಳ ಬೇಕು, ತಳಕ್ಕೆ ಗೊಬ್ಬರ ಬೇಕು. ಸಡಿಲ ಮಣ್ಣು ಕುಸಿದರೆ ಮರವೂ ಕುಸಿಯುತ್ತದೆ, ಮಳೆಗಾಲದಲ್ಲಿ ಗುಂಡಿ ಬಾವಿಯಾಗುತ್ತದೆ, ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ ಅಂತ ನನ್ನ ವಾದ. ಕೊನೆಗೆ ಬೇರುಗಡ್ಡೆಯಷ್ಟೇ ಆಳ, ಅದರ ಮೂರು ಪಟ್ಟು ಅಗಲ ತೆಗೆದೆವು, ತಟ್ಟೆಯ ಹಾಗೆ. ಗುದ್ದಲಿ ತಾಗಿ ನುಣುಪಾದ ಗೋಡೆಯನ್ನು ಹಾರೆಯಿಂದ ಗೀರಿದೆವು. ತೆಗೆದ ಮಣ್ಣನ್ನೇ ತುಂಬಿದೆವು, ಗೊಬ್ಬರ ಮೇಲಕ್ಕೆ ಮಾತ್ರ. ಕಾಂಡ ಅಗಲವಾಗಿ ಬೇರುಗಳಾಗಿ ಒಡೆಯುವ ಜಾಗ, ಆನೆಯ ಪಾದದಂತೆ ಉಬ್ಬಿರುತ್ತದಲ್ಲ, ಅದು ನೆಲದ ಮೇಲೆ ಕಾಣಬೇಕು. ನರ್ಸರಿಯ ಚೀಲದಲ್ಲಿ ಅದು ಎರಡಿಂಚು ಮಣ್ಣಿನಡಿ ಹೂತುಹೋಗಿತ್ತು, ಮೇಲಿನ ಮಣ್ಣನ್ನು ಕೆರೆದು ಹುಡುಕಬೇಕಾಯಿತು.

ಆಸರೆಗೆ ಎರಡು ಗೂಟ ನೆಟ್ಟು, ಕೆಳಗಡೆ, ಸಡಿಲವಾಗಿ, ಹಳೆಯ ಸೈಕಲ್ ಟ್ಯೂಬಿನಿಂದ ಕಟ್ಟಿದೆವು. ಮರ ಗಾಳಿಗೆ ಸ್ವಲ್ಪ ತೂಗಬೇಕು. ಥಾಮಸ್ ಆಂಡ್ರ್ಯೂ ನೈಟ್ ಎಂಬ ಇಂಗ್ಲೆಂಡಿನ ತೋಟಗಾರಿಕಾ ತಜ್ಞ ಎಳೆಯ ಸೇಬಿನ ಮರಗಳನ್ನು ಉತ್ತರ–ದಕ್ಷಿಣಕ್ಕೆ ಮಾತ್ರ ತೂಗುವ ಹಾಗೆ ಕಟ್ಟಿ, ಕಾಂಡ ಅದೇ ದಿಕ್ಕಿಗೆ ಹೆಚ್ಚು ದಪ್ಪವಾಗಿದ್ದನ್ನು 1803ರಲ್ಲೇ ವರದಿ ಮಾಡಿದ್ದ. ನಾವು ವರ್ಷ ತುಂಬಿದ ಮೇಲೆ ಗೂಟ ಕಿತ್ತೆವು.

ನೀರಿಗೆ 20 ಲೀಟರಿನ ಹಳೆಯ ಕ್ಯಾನು. ತಳಕ್ಕೆ ಸೂಜಿ ಕಾಯಿಸಿ ತೂತು ಮಾಡಿ, ನೇರ ಬೇರುಗಡ್ಡೆಯ ಮೇಲೆಯೇ ತೊಟ್ಟಿಕ್ಕುವ ಹಾಗೆ ಇಟ್ಟೆ. ಮಳೆ ನಿಂತ ಮೇಲೆ ದಿನ ಬಿಟ್ಟು ದಿನ ಒಂದು ಕ್ಯಾನು, ನಂತರ ವಾರಕ್ಕೆರಡು. ಸುತ್ತ ನಾಲ್ಕು ಬೆರಳು ದಪ್ಪ ತರಗೆಲೆ ಹಾಕಿದೆ, ಕಾಂಡಕ್ಕೆ ತಾಗದಂತೆ. ಕೆಲವು ವಾರಕ್ಕೊಮ್ಮೆ ಕ್ಯಾನನ್ನು ಒಂದು ಗೇಣು ಹೊರಕ್ಕೆ ಸರಿಸಿದೆ. ಚಳಿ ದೇಶಗಳಲ್ಲಿ ಕಾಂಡದ ಪ್ರತಿ ಇಂಚು ದಪ್ಪಕ್ಕೆ ಒಂದು ವರ್ಷ ಹೀಗೆ ನೋಡಿಕೊಳ್ಳಬೇಕು ಅನ್ನುತ್ತಾರೆ. ನಮ್ಮಂಥ ಬೆಚ್ಚಗಿನ ಊರಲ್ಲಿ ಬೇಗ ಆಗುತ್ತದೆ, ಆದರೂ ನಾನು ಎರಡು ಬೇಸಿಗೆ ಬಿಡಲಿಲ್ಲ.

ಮೊನ್ನೆ ಮರದಿಂದ ಐದಡಿ ದೂರದಲ್ಲಿ ದಾಸವಾಳದ ಕಡ್ಡಿ ನೆಡೋಣ ಅಂತ ಅಗೆದೆ. ಪೆನ್ಸಿಲ್ ದಪ್ಪದ ಬೇರೊಂದು ಸಿಕ್ಕಿತು. ಎಳೆದು ನೋಡಿದೆ, ಜಗ್ಗಲಿಲ್ಲ. ಮತ್ತೆ ಮಣ್ಣು ಮುಚ್ಚಿ, ದಾಸವಾಳವನ್ನು ಕಾಂಪೌಂಡಿನ ಆ ಮೂಲೆಗೆ ಹಾಕಿದೆ.