ಓರಗೆಯವರೆಲ್ಲ ನಿವೃತ್ತರಾದ ಮೇಲೂ ಕೆಲವರು ಸೇನೆಯಲ್ಲೇ ಉಳಿಯುವುದು ಹೇಗೆ?

ಪ್ರಶ್ನೆ: ಒಂದೇ ದಿನ ತರಬೇತಿ ಮುಗಿಸಿದವರಲ್ಲಿ ಬಹುತೇಕರು ನಿವೃತ್ತರಾಗಿ ಹತ್ತಾರು ವರ್ಷ ಕಳೆದರೂ ಒಬ್ಬಿಬ್ಬರು ಮಾತ್ರ ಸಮವಸ್ತ್ರದಲ್ಲೇ ಇರುತ್ತಾರೆ. ಇದಕ್ಕೆ ನಿಯಮದಲ್ಲಿ ಅವಕಾಶವಿದೆಯೇ? ಹಾಗೆ ಉಳಿಯುವುದರಿಂದ ಅವರಿಗೆ ಲಾಭವೇನು?

ಉತ್ತರ: ಅವಕಾಶವಿದೆ. ನಾಗರಿಕ ನೌಕರಿಯಲ್ಲಿ ಸಾಮಾನ್ಯವಾಗಿ ಕೆಳಗಿನವರಿಗೂ ಮೇಲಿನವರಿಗೂ ಒಂದೇ ನಿವೃತ್ತಿ ವಯಸ್ಸು ಇದ್ದರೆ, ಸೇನೆಯಲ್ಲಿ ಅದು ದರ್ಜೆಯನ್ನು ಅವಲಂಬಿಸಿರುತ್ತದೆ. ಭಾರತೀಯ ಭೂಸೇನೆಯ ಸಾಮಾನ್ಯ ಶಾಖೆಗಳಲ್ಲಿ ಕರ್ನಲ್ 54ಕ್ಕೆ, ಬ್ರಿಗೇಡಿಯರ್ 56ಕ್ಕೆ, ಮೇಜರ್ ಜನರಲ್ 58ಕ್ಕೆ, ಲೆಫ್ಟಿನೆಂಟ್ ಜನರಲ್ 60ಕ್ಕೆ ನಿವೃತ್ತರಾಗುತ್ತಾರೆ. ಅಮೆರಿಕದಲ್ಲಿ ವಯಸ್ಸಿನ ಜೊತೆಗೆ ಸೇವಾವಧಿಯ ಮಿತಿಯೂ ಇದ್ದು, ಲೆಫ್ಟಿನೆಂಟ್ ಕರ್ನಲ್‌ಗೆ ಸಾಮಾನ್ಯವಾಗಿ 28 ವರ್ಷ, ಕರ್ನಲ್‌ಗೆ 30 ವರ್ಷ ನಿಗದಿಯಾಗಿದೆ. ಮೇಲೆ ಹೋದಂತೆ ಹುದ್ದೆಗಳು ಕಡಿಮೆಯಾಗುವುದರಿಂದ ಬಡ್ತಿ ಸಿಗದವರು ಬೇಗ ಹೊರಬೀಳುತ್ತಾರೆ, ಸಿಕ್ಕವರಿಗೆ ಇನ್ನೆರಡು ವರ್ಷ ಸಿಗುತ್ತದೆ. ಓರಗೆಯವರ ನಡುವಿನ ಅಂತರ ಬೆಳೆಯುವ ಮೊದಲ ದಾರಿ ಇದು.

ಎರಡನೆಯ ದಾರಿ ಸೇವಾ ವಿಸ್ತರಣೆ ಅಥವಾ ನಿವೃತ್ತಿಯ ನಂತರದ ಮರುಕರೆ. ದಶಕಗಟ್ಟಲೆ ಉಳಿದವರ ಕಥೆಗಳೆಲ್ಲ ಹೆಚ್ಚಾಗಿ ಇಲ್ಲೇ ಸಿಗುತ್ತವೆ. ಅಮೆರಿಕದ ನೌಕಾಪಡೆಯ ಕಂಪ್ಯೂಟರ್ ತಜ್ಞೆ ಗ್ರೇಸ್ ಹಾಪರ್ 1966ರ ಕೊನೆಯಲ್ಲಿ, 60ನೇ ವಯಸ್ಸಿನಲ್ಲಿ, ಕಮಾಂಡರ್ ಆಗಿ ನಿವೃತ್ತರಾದರು. ಮರುವರ್ಷವೇ ನೌಕಾಪಡೆಗೆ ತನ್ನ ಕಂಪ್ಯೂಟರ್ ಭಾಷೆಗಳನ್ನು, ಮುಖ್ಯವಾಗಿ ಕೋಬಾಲ್ ಅನ್ನು, ಒಂದೇ ಪ್ರಮಾಣಕ್ಕೆ ತರುವ ಕೆಲಸಕ್ಕೆ ಅವರೇ ಬೇಕಾದರು. ಆರು ತಿಂಗಳಿಗೆಂದು ಕರೆಸಿಕೊಂಡ ಅವರ ಸೇವೆ ಮುಂದುವರಿಯುತ್ತಲೇ ಹೋಯಿತು. 1971ರಲ್ಲಿ ಮತ್ತೆ ನಿವೃತ್ತರಾದವರನ್ನು 1972ರಲ್ಲಿ ಮತ್ತೆ ಕರೆಸಲಾಯಿತು. ಉಪನ್ಯಾಸಗಳಲ್ಲಿ ಅವರು ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದು ನ್ಯಾನೋಸೆಕೆಂಡಿನಲ್ಲಿ (ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಲ್ಲಿ) ವಿದ್ಯುತ್ ಸಂಕೇತ ಸಾಗಬಲ್ಲ ಗರಿಷ್ಠ ದೂರ ಅಷ್ಟೇ ಎಂಬುದನ್ನು ಕೇಳುಗರು ಕೈಯಲ್ಲಿ ಹಿಡಿದೇ ತಿಳಿಯಲಿ ಎಂಬುದು ಅವರ ಉದ್ದೇಶ. ರಿಯರ್ ಅಡ್ಮಿರಲ್ ಆಗಿ ಅವರು ಕೊನೆಗೆ ನಿವೃತ್ತರಾದಾಗ, 1986ರ ಆಗಸ್ಟ್‌ನಲ್ಲಿ, ಅವರಿಗೆ 79 ವರ್ಷ.

ಅದೇ ಪಡೆಯ ಹೈಮನ್ ರಿಕೋವರ್ 1918ರಲ್ಲಿ ನೌಕಾ ಅಕಾಡೆಮಿ ಸೇರಿ 1982ರ ಜನವರಿಯಲ್ಲಿ, 82ನೇ ವಯಸ್ಸಿನಲ್ಲಿ, ಹೊರಬಂದರು. ಒಟ್ಟು 63 ವರ್ಷಗಳ ಸೇವೆ. ಅಣುಶಕ್ತಿ ಜಲಾಂತರ್ಗಾಮಿಗಳ ಕಾರ್ಯಕ್ರಮವನ್ನು ಕಟ್ಟಿದ ಇವರಿಗೆ ಎರಡು ಬಾರಿ ಬಡ್ತಿ ತಪ್ಪಿ, ನಿಯಮದಂತೆ 1953ರಲ್ಲೇ ಮನೆಗೆ ಹೋಗಬೇಕಾಗಿತ್ತು. ಸಂಸತ್ತಿನ ಒತ್ತಡದಿಂದ ಉಳಿದರು. ವಯೋಮಿತಿ ಮುಗಿದ ಮೇಲೆ ಎರಡೆರಡು ವರ್ಷಗಳ ವಿಸ್ತರಣೆಯಲ್ಲಿ ನಡೆದರು. ತಮ್ಮ ಕಾರ್ಯಕ್ರಮಕ್ಕೆ ಬರುವ ಪ್ರತಿಯೊಬ್ಬ ಅಧಿಕಾರಿಯನ್ನೂ ತಾವೇ ಸಂದರ್ಶಿಸುತ್ತಿದ್ದ ಅವರ ಕಟ್ಟುನಿಟ್ಟಿನಿಂದ ಸುರಕ್ಷತೆಯ ಶಿಸ್ತು ಬೇರೂರಿತು ಎಂಬುದನ್ನು ಒಪ್ಪಲೇಬೇಕು. ಆದರೆ ಒಂದು ಹುದ್ದೆ ಮೂರು ದಶಕ ಒಬ್ಬರ ಕೈಯಲ್ಲೇ ಇದ್ದರೆ, ಆ ಜವಾಬ್ದಾರಿಗೆ ಸಿದ್ಧರಾದ ಎಷ್ಟೋ ಕಿರಿಯರು ಅದನ್ನು ಮುಟ್ಟದೆಯೇ ನಿವೃತ್ತರಾಗುತ್ತಾರೆ. ವಿಸ್ತರಣೆ ಕೊಡುವವರು ಇದನ್ನೂ ತೂಗಿ ನೋಡಬೇಕೆಂದು ನಾನು ಬಲವಾಗಿ ನಂಬಿದ್ದೇನೆ.

ಮೂರನೆಯದು ಹೆಚ್ಚಾಗಿ ಗೌರವದ್ದು. ಬ್ರಿಟಿಷ್ ಸಂಪ್ರದಾಯದಲ್ಲಿ ಫೀಲ್ಡ್ ಮಾರ್ಷಲ್ ನಿವೃತ್ತರಾಗುವುದಿಲ್ಲ. ಸಕ್ರಿಯ ಹೊಣೆ ಇಲ್ಲದಿದ್ದರೂ ಹೆಸರು ಜೀವನಪೂರ್ತಿ ಸೇನೆಯ ಪಟ್ಟಿಯಲ್ಲಿರುತ್ತದೆ.

ಇನ್ನು ಲಾಭದ ಮಾತು. ಹಣದ ಆಸೆಗಾಗಿ ಉಳಿಯುತ್ತಾರೆ ಎಂಬ ಊಹೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ಅಮೆರಿಕದ ಹಳೆಯ ಪಿಂಚಣಿ ಪದ್ಧತಿಯಲ್ಲಿ ಪ್ರತಿ ವರ್ಷದ ಸೇವೆಗೆ ಮೂಲವೇತನದ ಶೇ 2.5ರಷ್ಟು ಸೇರುತ್ತದೆ. 20 ವರ್ಷಕ್ಕೆ ಶೇ 50, 30 ವರ್ಷಕ್ಕೆ ಶೇ 75. ಇಪ್ಪತ್ತು ವರ್ಷ ಮುಗಿಸಿದವನು ಮನೆಯಲ್ಲಿ ಕುಳಿತರೂ ಅರ್ಧ ಮೂಲವೇತನ ಬರುವುದರಿಂದ, ಉಳಿದು ದುಡಿಯುವವನು ಇನ್ನರ್ಧಕ್ಕಾಗಿ ಮಾತ್ರ ದುಡಿಯುತ್ತಾನೆ. ಹೊರಗೆ ಎರಡನೆಯ ವೃತ್ತಿ ಕಟ್ಟಿಕೊಳ್ಳಬಹುದಾದ ವರ್ಷಗಳನ್ನೂ ಅವನು ಬಿಟ್ಟುಕೊಡುತ್ತಾನೆ. ಜೊತೆಗೆ, ತಾನೇ ತರಬೇತಿ ಕೊಟ್ಟ ಹುಡುಗ ಮೇಲಧಿಕಾರಿಯಾಗಿ ಬಂದಾಗ ಮೊದಲು ಸೆಲ್ಯೂಟ್ ಹೊಡೆಯಬೇಕಾಗುತ್ತದೆ. ಹಳೆಯ ಕಾರ್ಯಾಚರಣೆಯ ಹೆಸರು ಎತ್ತಿದರೆ ಮೆಸ್ಸಿನ ಮೇಜಿನ ಸುತ್ತ ಅದನ್ನು ಕಂಡವರು ಯಾರೂ ಇರುವುದಿಲ್ಲ.